ಎಐ ಬೋಧಕನೊಡನೆ ಸ್ಥಾಯಿ ವಿದ್ಯುತ್ತಿನ ಕಲಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ದ್ವಿತೀಯ ಪಿಯುಸಿ ಭೌತಶಾಸ್ತ್ರದ ಆರಂಭದಲ್ಲಿಯೇ ಬರುವ ಸ್ಥಾಯಿ ವಿದ್ಯುತ್ತಿನ, ಅಂದರೆ ಹರಿಯದೆ ನಿಂತ ವಿದ್ಯುತ್ತಿನ, ಪಾಠಗಳಿಗೆ ಸಂಬಂಧಿಸಿದವು. ಬಹುತೇಕ ಎಲ್ಲ ಪತ್ರಗಳಲ್ಲಿಯೂ ಮೊಬೈಲಿನೊಳಗಿನ ಎಐ ಬೋಧಕನ ಮಾತು ಬಂದಿದೆ. ಉತ್ತರ ಕನ್ನಡದ ಪದವಿಪೂರ್ವ ಕಾಲೇಜುಗಳಲ್ಲಿ ಇದೇ ಪಾಠವನ್ನು ಹಲವು ವರ್ಷ ಹೇಳಿದ ನನಗೆ, ಮನೆಯಲ್ಲಿ ಕುಳಿತು ಮಕ್ಕಳು ಇಷ್ಟು ಆಳವಾಗಿ ಕೇಳುತ್ತಿರುವುದು ನಿಜವಾದ ಸಂತೋಷ ತಂದಿದೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಪ್ರಕಟಿಸಿಲ್ಲ.

ಪ್ರಶ್ನೆ: ಸರ್, ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿದ್ದೇನೆ. ಟ್ಯೂಷನ್ನಿಗೆ ಹೋಗುವ ಅನುಕೂಲವಿಲ್ಲ. ರಾತ್ರಿ ಊಟವಾದ ಮೇಲೆ ಅಪ್ಪನ ಮೊಬೈಲಿನಲ್ಲಿ ಎಐ ಬೋಧಕನನ್ನು ಕೇಳಿ ಲೆಕ್ಕ ಮಾಡುತ್ತೇನೆ. ಅದು ಬಿಡಿಸಿ ತೋರಿಸುವಾಗ ಎಲ್ಲವೂ ಅರ್ಥವಾಗುತ್ತದೆ. ಆದರೆ ಕಿರುಪರೀಕ್ಷೆಯಲ್ಲಿ ಅದೇ ತರಹದ ಲೆಕ್ಕ ಬಂದರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ನನ್ನ ತಪ್ಪು ಎಲ್ಲಿದೆ?
– ವಿದ್ಯಾರ್ಥಿನಿ, ಕೋಡಿಬಾಗ, ಕಾರವಾರ

ಉತ್ತರ: ತಂಗೀ, ನೀನು ಕೆಲಸದ ಕ್ರಮವನ್ನು ಹಿಂದುಮುಂದು ಮಾಡಿಕೊಂಡಿದ್ದೀಯ, ಅಷ್ಟೆ. ನಿಮ್ಮೂರಿನ ಕಾಳಿ ನದಿಯ ದಂಡೆಯಲ್ಲಿ ಕುಳಿತು ದೋಣಿ ನಡೆಸುವವರನ್ನು ವರ್ಷವಿಡೀ ನೋಡಿದರೂ, ಹುಟ್ಟು ಹಿಡಿದ ದಿನವೇ ಕೈಗೆ ನೀರಿನ ಎಳೆತ ತಿಳಿಯುವುದು. ಬೇರೆಯವರು ಬಿಡಿಸಿದ ಲೆಕ್ಕವನ್ನು ಓದುವಾಗ ಪ್ರತಿಯೊಂದು ಹೆಜ್ಜೆಯೂ ಸರಿಯೆನಿಸುತ್ತದೆ. ಆದರೆ ಆ ಹೆಜ್ಜೆಯನ್ನೇ ಏಕೆ ಇಡಬೇಕು ಎಂಬ ನಿರ್ಧಾರ ಅವರದಾಗಿರುತ್ತದೆ. ಪರೀಕ್ಷೆಯಲ್ಲಿ ನಿನ್ನಿಂದ ಕೇಳುವುದು ಆ ನಿರ್ಧಾರವನ್ನು.

ಒಂದು ಲೆಕ್ಕವನ್ನು ಹಿಡಿದು ನೋಡೋಣ. ಒಂದು ನೇರ ಗೆರೆಯ ಮೇಲೆ ಧನ 4 ಮೈಕ್ರೊಕೂಲಂಬ್ ಆವೇಶವಿದೆ (ಆವೇಶ ಎಂದರೆ ವಿದ್ಯುತ್ ಚಾರ್ಜ್, ಕೂಲಂಬ್ ಅದರ ಅಳತೆಯ ಮಾನ). ಅದರಿಂದ 30 ಸೆಂಟಿಮೀಟರ್ ಬಲಕ್ಕೆ ಋಣ 1 ಮೈಕ್ರೊಕೂಲಂಬ್ ಆವೇಶವಿದೆ. ಆ ಗೆರೆಯ ಮೇಲೆ ವಿದ್ಯುತ್ ಕ್ಷೇತ್ರ, ಅಂದರೆ ಒಂದು ಕೂಲಂಬ್ ಧನ ಆವೇಶದ ಮೇಲೆ ಬೀಳುವ ಬಲ, ಸೊನ್ನೆಯಾಗುವ ಬಿಂದು ಎಲ್ಲಿ? ಮೊಬೈಲ್ ಮುಟ್ಟುವ ಮೊದಲು, ಸೂತ್ರವನ್ನೂ ಬರೆಯುವ ಮೊದಲು, ಹಾಳೆಯ ಮೇಲೆ ಎರಡು ಚುಕ್ಕೆ ಇಟ್ಟು, ಒಂದು ಸಣ್ಣ ಧನ ಆವೇಶವನ್ನು ಬೆರಳ ತುದಿಯಲ್ಲಿ ಹಿಡಿದಿದ್ದೇನೆಂದು ಭಾವಿಸಿ ಆ ಗೆರೆಯುದ್ದಕ್ಕೂ ಬೆರಳನ್ನು ನಡೆಸು. ಎರಡರ ನಡುವೆ ಬೆರಳಿದ್ದಾಗ ಎಡಗಡೆಯ ಧನ ಆವೇಶ ಅದನ್ನು ಬಲಕ್ಕೆ ತಳ್ಳುತ್ತದೆ, ಬಲಗಡೆಯ ಋಣ ಆವೇಶವೂ ಬಲಕ್ಕೇ ಎಳೆಯುತ್ತದೆ. ಒಂದೇ ದಿಕ್ಕಿನ ಎರಡು ಬಲಗಳು ಒಂದನ್ನೊಂದು ಅಳಿಸಲಾರವು. ಎಡ ಆವೇಶಕ್ಕೂ ಎಡಕ್ಕೆ ಹೋದರೆ ದಿಕ್ಕುಗಳೇನೋ ಎದುರುಬದುರಾಗುತ್ತವೆ, ಆದರೆ ದೊಡ್ಡ ಆವೇಶವೇ ಹತ್ತಿರವಿದ್ದು ಚಿಕ್ಕದು ದೂರವಿರುವುದರಿಂದ ಸಮವಾಗುವ ಸಂಭವವೇ ಇಲ್ಲ. ಉಳಿದದ್ದು ಬಲಗಡೆಯ ಆವೇಶದ ಆಚೆಯ ಭಾಗ. ಅಲ್ಲಿ ದೊಡ್ಡದು ದೂರದಿಂದ ಬಲಕ್ಕೆ ತಳ್ಳುತ್ತದೆ, ಚಿಕ್ಕದು ಹತ್ತಿರದಿಂದ ಎಡಕ್ಕೆ ಎಳೆಯುತ್ತದೆ. ಉತ್ತರ ಇರುವುದಾದರೆ ಅಲ್ಲಿಯೇ ಇರಬೇಕು.

ಇಷ್ಟು ತಿಳಿದ ಮೇಲೆ ಲೆಕ್ಕ ಎರಡು ಸಾಲಿನದು. ಕ್ಷೇತ್ರವು ದೂರದ ವರ್ಗಕ್ಕೆ ವಿಲೋಮವಾಗಿ ಕಡಿಮೆಯಾಗುವುದರಿಂದ ನಾಲ್ಕು ಪಟ್ಟು ಆವೇಶಕ್ಕೆ ಎರಡು ಪಟ್ಟು ದೂರ ಬೇಕು. ಎರಡು ದೂರಗಳ ವ್ಯತ್ಯಾಸ 30 ಸೆಂಟಿಮೀಟರ್. ಆದ್ದರಿಂದ ಬಿಂದುವು ಋಣ ಆವೇಶದಿಂದ 30 ಸೆಂಟಿಮೀಟರ್ ಬಲಕ್ಕೆ, ಧನ ಆವೇಶದಿಂದ 60 ಸೆಂಟಿಮೀಟರ್ ದೂರದಲ್ಲಿದೆ. ಇದನ್ನು ಬಿಟ್ಟು ನೇರವಾಗಿ ಸಮೀಕರಣಕ್ಕೆ ಕೈ ಹಾಕಿದರೆ ವರ್ಗ ಸಮೀಕರಣವು ಧನ ಆವೇಶದಿಂದ 20 ಸೆಂಟಿಮೀಟರ್ ಮತ್ತು 60 ಸೆಂಟಿಮೀಟರ್ ಎಂಬ ಎರಡು ಉತ್ತರಗಳನ್ನು ಕೊಡುತ್ತದೆ. 20 ಸೆಂಟಿಮೀಟರಿನಲ್ಲಿ ಎರಡು ಆವೇಶಗಳ ಕ್ಷೇತ್ರಗಳು ತಲಾ 9 ಲಕ್ಷ ನ್ಯೂಟನ್ ಪ್ರತಿ ಕೂಲಂಬ್ ಆಗಿ ಸಮವಾಗಿರುವುದು ನಿಜ, ಆದರೆ ದಿಕ್ಕು ಒಂದೇ ಆದ್ದರಿಂದ ಅಲ್ಲಿನ ಒಟ್ಟು ಕ್ಷೇತ್ರ 18 ಲಕ್ಷ. ಸೊನ್ನೆಗೂ ಅದಕ್ಕೂ ಸಂಬಂಧವೇ ಇಲ್ಲ. ನಾನು ಒಮ್ಮೆ ಇದೇ ಲೆಕ್ಕವನ್ನು ಕೈಬರಹದ ಚಿತ್ರವಾಗಿ ಒಂದು ಎಐ ಬೋಧಕನಿಗೆ ಕೊಟ್ಟಾಗ, ಅದು ನನ್ನ ಋಣ ಚಿಹ್ನೆಯನ್ನು ಗುರುತಿಸದೆ ಎರಡನ್ನೂ ಧನವೆಂದು ಹಿಡಿದು, ಬಹಳ ಅಚ್ಚುಕಟ್ಟಾದ ಹೆಜ್ಜೆಗಳೊಂದಿಗೆ 20 ಸೆಂಟಿಮೀಟರ್ ಎಂದು ಉತ್ತರಿಸಿತು. ಎರಡೂ ಧನವಾಗಿದ್ದರೆ ಅದೇ ಸರಿಯುತ್ತರ. ಬೆರಳು ನಡೆಸಿ ನೋಡಿದವರಿಗೆ ಮಾತ್ರ ಆ ತಪ್ಪು ಕಣ್ಣಿಗೆ ಬೀಳುತ್ತದೆ.

ಆದ್ದರಿಂದ ಇನ್ನು ಮುಂದೆ ಎಐ ಬೋಧಕನ ಮುಂದೆ ಲೆಕ್ಕವನ್ನು ಇಡುವಾಗ ನಿನ್ನ ಊಹೆಯನ್ನೂ ಜೊತೆಗೆ ಇಡು. ‘ಬಿಂದು ಬಲಗಡೆ ಇರಬೇಕೆಂದು ನನಗೆ ಅನಿಸುತ್ತದೆ, ಕಾರಣ ಇದು, ಪೂರ್ಣ ಉತ್ತರ ಹೇಳಬೇಡ, ನನ್ನ ಕಾರಣದಲ್ಲಿ ದೋಷವಿದ್ದರೆ ಆ ಜಾಗದಲ್ಲಿ ಒಂದು ಪ್ರಶ್ನೆ ಮಾತ್ರ ಕೇಳು’ ಎಂದು ಬರೆ. 2025ರಲ್ಲಿ ಚಾಟ್‌ಜಿಪಿಟಿ ಮತ್ತು ಜೆಮಿನಿ ಎರಡರಲ್ಲಿಯೂ ಹೀಗೆ ಪ್ರಶ್ನೆ ಕೇಳುತ್ತ ಹೆಜ್ಜೆ ಹೆಜ್ಜೆಯಾಗಿ ಕಲಿಸುವ ವಿಧಾನವನ್ನು ಪ್ರತ್ಯೇಕವಾಗಿಯೇ ಸೇರಿಸಿದ್ದಾರೆ, ಅದನ್ನು ಆರಿಸಿಕೊಳ್ಳಬಹುದು. ಇನ್ನೊಂದು ಎಚ್ಚರಿಕೆ ಹೇಳಬೇಕು. ಈ ಬೋಧಕರು ಒತ್ತಿ ಹೇಳಿದವರ ಮಾತಿಗೆ ಬೇಗ ಒಪ್ಪಿಕೊಳ್ಳುವ ಸ್ವಭಾವದವರು. ‘ಇಲ್ಲ, ನಡುವೆಯೇ ಸೊನ್ನೆ’ ಎಂದು ನೀನು ಎರಡು ಸಲ ಹೇಳಿದರೆ, ಸರಿಯಾದ ಉತ್ತರವನ್ನು ಬಿಟ್ಟುಕೊಟ್ಟು ಕ್ಷಮೆ ಕೇಳಿದರೂ ಕೇಳಬಹುದು. ಅದು ಒಪ್ಪಿತು ಎಂಬುದು ನಿನ್ನ ಉತ್ತರಕ್ಕೆ ಸಾಕ್ಷಿಯಾಗುವುದಿಲ್ಲ.

ಬಂದ ಸಂಖ್ಯೆಯ ಗಾತ್ರವನ್ನೂ ತೂಗಿ ನೋಡುವ ಅಭ್ಯಾಸ ಇರಲಿ. ತಲಾ 1 ಕೂಲಂಬಿನ ಎರಡು ಆವೇಶಗಳನ್ನು 1 ಮೀಟರ್ ಅಂತರದಲ್ಲಿಟ್ಟರೆ ಅವುಗಳ ನಡುವಿನ ಬಲ 9 × 10⁹ ನ್ಯೂಟನ್, ಅಂದರೆ ಸುಮಾರು 9 ಲಕ್ಷ ಟನ್ ಭಾರಕ್ಕೆ ಸಮ. ಉಜ್ಜಿದ ಬಾಚಣಿಗೆಯ ಆವೇಶವನ್ನು ನ್ಯಾನೊಕೂಲಂಬ್‌ಗಳಲ್ಲಿ ಎಣಿಸುತ್ತೇವೆ. ಒಂದು ನ್ಯಾನೊಕೂಲಂಬ್ ಎಂದರೂ ಸುಮಾರು 620 ಕೋಟಿ ಎಲೆಕ್ಟ್ರಾನ್‌ಗಳಾದವು. ಮೈಕ್ರೊ ಎಂಬುದನ್ನು 10⁻⁶ ಎಂದು ಬರೆಯಲು, ಸೆಂಟಿಮೀಟರನ್ನು ಮೀಟರಿಗೆ ತಿರುಗಿಸಲು ಮರೆತಾಗ ಬರುವ ಉತ್ತರ ಹತ್ತು ಸಾವಿರ ಪಟ್ಟು, ಹತ್ತು ಲಕ್ಷ ಪಟ್ಟು ತಪ್ಪಿರುತ್ತದೆ. ಅಂಥ ಉತ್ತರ ನಿನ್ನಿಂದ ಬಂದಿರಲಿ, ಬೋಧಕನಿಂದ ಬಂದಿರಲಿ, ಗಾತ್ರವನ್ನು ನೋಡಿದೊಡನೆ ಅನುಮಾನ ಹುಟ್ಟಬೇಕು.

ಪ್ರಶ್ನೆ: ಎಐ ಬೋಧಕ ಹೇಳಿದಂತೆ ನನ್ನ ಮಗ ಪ್ಲಾಸ್ಟಿಕ್ ಬಾಚಣಿಗೆಯನ್ನು ಕೂದಲಿಗೆ ಉಜ್ಜಿ ಕಾಗದದ ಚೂರುಗಳ ಮೇಲೆ ಹಿಡಿದ. ಒಂದು ಚೂರೂ ಏಳಲಿಲ್ಲ. ಕಾರಣ ಕೇಳಿದರೆ, ‘ಮಳೆಗಾಲದ ತೇವದ ಗಾಳಿ ವಿದ್ಯುತ್ತಿನ ಒಳ್ಳೆಯ ವಾಹಕ, ಆದ್ದರಿಂದ ಆವೇಶ ಗಾಳಿಗೆ ಹರಿದುಹೋಯಿತು’ ಎಂದಿತು. ಇದು ಸರಿಯೇ? ಮಳೆಗಾಲ ಮುಗಿಯುವವರೆಗೆ ಪ್ರಯೋಗವನ್ನೇ ಕೈಬಿಡಬೇಕೇ?
– ಅಡಿಕೆ ಬೆಳೆಗಾರರು, ಶಿರಸಿ ತಾಲ್ಲೂಕು

ಉತ್ತರ: ಮಳೆಗಾಲದ ತೇವವೇ ಕಾರಣವೆಂಬುದು ಸರಿ, ಗಾಳಿ ವಾಹಕವಾಯಿತು ಎಂಬುದು ತಪ್ಪು. ಈ ತಪ್ಪು ಎಷ್ಟೋ ಪುಸ್ತಕಗಳಲ್ಲಿಯೂ ಇದೆ, ಬಹುಶಃ ಅಲ್ಲಿಂದಲೇ ಎಐ ಬೋಧಕನ ಬಾಯಿಗೆ ಬಂದಿದೆ. ನೀರಿನ ಆವಿಯ ಅಣುಗಳಲ್ಲಿ ಒಟ್ಟು ಆವೇಶವಿಲ್ಲ. ಆವಿ ತುಂಬಿದ ಗಾಳಿಯೂ ಒಳ್ಳೆಯ ಅವಾಹಕವೇ. ಗಾಳಿಯನ್ನು ಭೇದಿಸಿ ಕಿಡಿ ಹಾರಬೇಕಾದರೆ ಮೀಟರಿಗೆ ಸುಮಾರು 30 ಲಕ್ಷ ವೋಲ್ಟಿನ ಕ್ಷೇತ್ರ ಬೇಕು, ಅಂದರೆ ಒಂದು ಸೆಂಟಿಮೀಟರಿಗೆ 30,000 ವೋಲ್ಟ್. ತೇವದ ಕಾರಣಕ್ಕೆ ಗಾಳಿ ತಾಮ್ರದ ತಂತಿಯಂತೆ ಆಗಿಬಿಡುತ್ತಿದ್ದರೆ ಆಷಾಢದಲ್ಲಿ ನಮ್ಮ ಘಟ್ಟದ ಕಾಡಿನ ಮೇಲೆ ಹಾದುಹೋಗುವ ವಿದ್ಯುತ್ ಮಾರ್ಗಗಳು ಒಂದು ದಿನವೂ ಕೆಲಸ ಮಾಡುತ್ತಿರಲಿಲ್ಲ.

ನಿಜವಾಗಿ ಆಗುವುದು ವಸ್ತುವಿನ ಮೈಮೇಲೆ. ಗಾಳಿಯ ತೇವಾಂಶ ಶೇಕಡಾ 90ರ ಆಸುಪಾಸಿಗೆ ಹೋದಾಗ ಬಾಚಣಿಗೆ, ಕಾಗದ, ಕೂದಲು, ಎಲ್ಲದರ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂರುತ್ತದೆ. ಬೆವರು, ಧೂಳು, ಉಪ್ಪಿನ ಅಂಶ ಅದರಲ್ಲಿ ಕರಗಿ ಅಯಾನುಗಳಾಗುತ್ತವೆ. ಉಜ್ಜಿದಾಗ ಹುಟ್ಟಿದ ಆವೇಶ ಆ ಪೊರೆಯ ಮೇಲೆ ಹರಿದು, ಹಿಡಿದ ಕೈಯ ಮೂಲಕ ನೆಲಕ್ಕೆ ಇಳಿದುಬಿಡುತ್ತದೆ. ಕಡಲ ಬದಿಯ ಊರುಗಳಲ್ಲಿ ಗಾಳಿಯಲ್ಲಿಯೇ ಉಪ್ಪಿರುವುದರಿಂದ ಈ ತೊಂದರೆ ಇನ್ನೂ ಹೆಚ್ಚು. ನಾನು ಕರಾವಳಿಯ ಕಾಲೇಜಿನಲ್ಲಿದ್ದಾಗ ಜುಲೈ ತಿಂಗಳಲ್ಲಿ ಸ್ವರ್ಣಪತ್ರ ವಿದ್ಯುದ್ದರ್ಶಕದ (ಆವೇಶ ಬಂದರೆ ಚಿನ್ನದ ತೆಳು ಹಾಳೆಗಳು ಬಿಚ್ಚಿಕೊಳ್ಳುವ ಉಪಕರಣದ) ಹಾಳೆಗಳು ಬಿಚ್ಚಿಕೊಂಡ ಮರುಕ್ಷಣವೇ ಮುಚ್ಚಿಕೊಳ್ಳುತ್ತಿದ್ದವು. ಉಪಕರಣದ ಗಾಜಿನ ಗೂಡಿನ ಪಕ್ಕದಲ್ಲಿ ದೊಡ್ಡ ಬಲ್ಬೊಂದನ್ನು ಅರ್ಧ ಗಂಟೆ ಉರಿಸಿಟ್ಟ ಮೇಲೆ ಅವೇ ಹಾಳೆಗಳು ಪಾಠ ಮುಗಿಯುವವರೆಗೂ ಬಿಚ್ಚಿಕೊಂಡೇ ನಿಲ್ಲುತ್ತಿದ್ದವು. ಕೋಣೆಯ ಗಾಳಿಯ ತೇವ ಮೊದಲಿನಷ್ಟೇ ಇತ್ತು, ಒಣಗಿದ್ದು ಅವಾಹಕದ ಮೈ ಮಾತ್ರ.

ಹಾಗಾಗಿ ಪ್ರಯೋಗವನ್ನು ಕೈಬಿಡಬೇಡಿ, ಜಾಗವನ್ನು ಬದಲಿಸಿ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದಲ್ಲಿಯೂ ಒಣಗಿರುವ ಮೂಲೆಯೆಂದರೆ ಬಚ್ಚಲ ಒಲೆಯ ಪಕ್ಕ. ಬೆಳಿಗ್ಗೆ ನೀರು ಕಾಯಿಸಿ ಮುಗಿದ ಮೇಲೆ, ಕೆಂಡ ಇರುವಾಗ, ಒಂದು ಅಡಿ ಉದ್ದದ ಪಿವಿಸಿ ಪೈಪಿನ ತುಂಡು, ಹಳೆಯ ರೇಷ್ಮೆ ಅಥವಾ ಉಣ್ಣೆಯ ಬಟ್ಟೆ, ಕಾಗದದ ಚೂರುಗಳು ಇವನ್ನು ಸುಡದಷ್ಟು ದೂರದಲ್ಲಿ ಹತ್ತು ನಿಮಿಷ ಇಟ್ಟು ಬೆಚ್ಚಗಾಗಿಸಿ. ಪೈಪನ್ನು ಸಾಬೂನಿನಿಂದ ತೊಳೆದು ಪೂರ್ತಿ ಒಣಗಿಸಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಅಲ್ಲಿಯೇ ಉಜ್ಜಿ ನೋಡಲು ಮಗನಿಗೆ ಹೇಳಿ.

ಚೂರುಗಳು ಎದ್ದಾಗ ಕಣ್ಣಿಟ್ಟು ನೋಡಲಿ. ಕೆಲವು ಅಂಟಿಕೊಂಡೇ ಇರುತ್ತವೆ, ಇನ್ನು ಕೆಲವು ಪೈಪನ್ನು ಮುಟ್ಟಿ ಒಂದು ಕ್ಷಣವಾದ ಮೇಲೆ ಚಿಮ್ಮಿ ದೂರ ಹೋಗುತ್ತವೆ. ಆವೇಶವೇ ಇಲ್ಲದ ಕಾಗದ ಏಕೆ ಬಂದಿತು, ಬಂದದ್ದು ಏಕೆ ಚಿಮ್ಮಿತು ಎಂಬ ಎರಡು ಪ್ರಶ್ನೆಗಳಿಗೆ ಮಗ ಮೊದಲು ತಾನೇ ಉತ್ತರ ಬರೆದು, ಅನಂತರ ಎಐ ಬೋಧಕನಿಗೆ ತೋರಿಸಲಿ. ಕಾಗದದೊಳಗಿನ ಧನ ಮತ್ತು ಋಣ ಆವೇಶಗಳು ಕೊಂಚ ಸರಿದು, ಪೈಪಿನ ಕಡೆಯ ಅಂಚಿನಲ್ಲಿ ವಿರುದ್ಧ ಆವೇಶ ನಿಲ್ಲುತ್ತದೆ. ಹತ್ತಿರದ ಆಕರ್ಷಣೆ ದೂರದ ವಿಕರ್ಷಣೆಗಿಂತ ಹೆಚ್ಚಾದ್ದರಿಂದ ಚೂರು ಏಳುತ್ತದೆ. ಮುಟ್ಟಿದ ಮೇಲೆ ಪೈಪಿನ ಆವೇಶದಲ್ಲಿ ಒಂದಿಷ್ಟು ಚೂರಿಗೂ ಬಂದರೆ ಎರಡೂ ಸಜಾತಿಯಾಗಿ, ಚೂರು ಚಿಮ್ಮುತ್ತದೆ. ಆ ಚಿಮ್ಮುವಿಕೆಯನ್ನು ಒಮ್ಮೆ ಕಣ್ಣಾರೆ ಕಂಡ ಹುಡುಗನಿಗೆ ಪ್ರೇರಣೆ (ಮುಟ್ಟದೆಯೇ ಆವೇಶ ಸರಿಯುವುದು) ಮತ್ತು ಸ್ಪರ್ಶದ ಭೇದವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಪ್ರಶ್ನೆ: ಸರ್, ನಾನು ಎಐ ಬೋಧಕನಿಗೆ ಕನ್ನಡದಲ್ಲಿ ಪ್ರಶ್ನೆ ಹಾಕುತ್ತೇನೆ. ಒಮ್ಮೆ ಅದು ‘ಎರಡು ಶುಲ್ಕಗಳ ನಡುವಿನ ಬಲ’ ಎಂದು ಬರೆಯಿತು. ಇನ್ನೊಮ್ಮೆ ‘ವಿದ್ಯುತ್ ಸಾಮರ್ಥ್ಯ’ ಎಂದಿತು. ಅದು ವಿಭವವೋ, ಪ್ರಚ್ಛನ್ನ ಶಕ್ತಿಯೋ, ಧಾರಕತೆಯೋ ಗೊತ್ತಾಗಲಿಲ್ಲ. ಇಂಗ್ಲಿಷಿನಲ್ಲಿಯೇ ಕೇಳುವುದು ಒಳ್ಳೆಯದೇ? ವಿಭವ ಎಂಬ ಕಲ್ಪನೆಯೂ ತಲೆಗೆ ಹತ್ತುತ್ತಿಲ್ಲ.
– ವಿದ್ಯಾರ್ಥಿ, ಕುಮಟಾ

ಉತ್ತರ: ತಮ್ಮಾ, ಕನ್ನಡವನ್ನು ಬಿಡಬೇಡ. ಯೋಚನೆ ನಡೆಯುವ ಭಾಷೆಯಲ್ಲಿಯೇ ಪ್ರಶ್ನೆ ಹುಟ್ಟುತ್ತದೆ, ಮತ್ತು ನಿನ್ನ ಪ್ರಶ್ನೆ ಸ್ಪಷ್ಟವಾಗಿದ್ದಷ್ಟೂ ಉತ್ತರ ನಿನಗೆ ದಕ್ಕುತ್ತದೆ. ಈ ಬೋಧಕರನ್ನು ಬಹುಮಟ್ಟಿಗೆ ಇಂಗ್ಲಿಷ್ ಬರಹಗಳ ರಾಶಿಯ ಮೇಲೆ ತಯಾರಿಸಿದ್ದಾರೆ. ಅವು ಕಂಡ ಕನ್ನಡ ಬರಹ ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ. ಇಂಗ್ಲಿಷಿನ ‘ಚಾರ್ಜ್’ ಎಂಬ ಒಂದೇ ಪದ ಆವೇಶಕ್ಕೂ ಬಸ್ಸಿನವರು ಕೇಳುವ ದುಡ್ಡಿಗೂ ಸಲ್ಲುವುದರಿಂದ ಶುಲ್ಕ ಎಂಬ ಪದ ನುಸುಳಿತು. ‘ಪೊಟೆನ್ಷಿಯಲ್’ ಎಂಬುದು ಸಾಮರ್ಥ್ಯವಾದದ್ದೂ ಹಾಗೆಯೇ. ಪಾಠ ಶುರು ಮಾಡುವಾಗಲೇ ‘ಚಾರ್ಜ್ ಎಂದರೆ ಆವೇಶ, ಫೀಲ್ಡ್ ಎಂದರೆ ಕ್ಷೇತ್ರ, ಪೊಟೆನ್ಷಿಯಲ್ ಎಂದರೆ ವಿಭವ, ಕೆಪಾಸಿಟರ್ ಎಂದರೆ ಧಾರಕ, ಡೈಎಲೆಕ್ಟ್ರಿಕ್ ಎಂದರೆ ಪರಾವೈದ್ಯುತ, ಇವೇ ಪದಗಳನ್ನು ಬಳಸು’ ಎಂದು ನಾಲ್ಕು ಸಾಲು ಬರೆದುಕೊಟ್ಟರೆ ಬಹುಮಟ್ಟಿಗೆ ಈ ಗೊಂದಲ ನಿಲ್ಲುತ್ತದೆ. ಪರೀಕ್ಷೆ ಇಂಗ್ಲಿಷಿನಲ್ಲಿದ್ದರೆ ಆ ಪದಗಳನ್ನು ಪಕ್ಕದಲ್ಲಿ ಬರೆದುಕೊಂಡು ಹೋಗು.

ಇನ್ನು ವಿಭವ. ನೀನು ಕುಮಟಾದವನಾದ್ದರಿಂದ ದೇವಿಮನೆ ಘಟ್ಟವನ್ನು ನೋಡಿರುತ್ತೀಯ. ಕುಮಟಾ ಕಡಲ ಮಟ್ಟದಲ್ಲಿದೆ, ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಒಂದು ಕಿಲೋಗ್ರಾಂ ಅಡಿಕೆಯನ್ನು ಕಡಲ ಮಟ್ಟದಿಂದ ಶಿರಸಿಗೆ ಏರಿಸಲು ಗುರುತ್ವದ ವಿರುದ್ಧ ಸುಮಾರು 5,900 ಜೂಲ್ ಕೆಲಸ ಮಾಡಬೇಕು. ದೇವಿಮನೆ ಘಟ್ಟದ ಮೇಲೆ ಹೋದರೂ ಅಷ್ಟೇ, ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರ ಸುತ್ತಿ ಬಂದರೂ ಅಷ್ಟೇ. ಸುತ್ತು ದಾರಿಯಲ್ಲಿ ಡೀಸೆಲ್ ಹೆಚ್ಚು ಸುಡುತ್ತದಲ್ಲ ಎಂದರೆ, ಆ ಹೆಚ್ಚಿನ ಖರ್ಚು ಘರ್ಷಣೆಯದು, ಸ್ಥಾಯಿ ವಿದ್ಯುತ್ತಿನಲ್ಲಿ ಅದಕ್ಕೆ ಸಾಟಿಯಾದದ್ದು ಇಲ್ಲ. ಹೀಗೆ ಒಂದು ಘಟಕ ದ್ರವ್ಯರಾಶಿಗೆ ತಗಲುವ ಕೆಲಸ ಜಾಗದ ಗುಣವಾದಂತೆ, ಒಂದು ಕೂಲಂಬ್ ಆವೇಶವನ್ನು ಒಂದು ಬಿಂದುವಿನಿಂದ ಇನ್ನೊಂದಕ್ಕೆ ಒಯ್ಯಲು ತಗಲುವ ಕೆಲಸವೂ ಆ ಎರಡು ಬಿಂದುಗಳ ಗುಣ. ಅದನ್ನೇ ವಿಭವಾಂತರ ಎನ್ನುತ್ತೇವೆ, ಒಂದು ಕೂಲಂಬಿಗೆ ಒಂದು ಜೂಲ್ ಆದರೆ ಒಂದು ವೋಲ್ಟ್. ಪ್ರಚ್ಛನ್ನ ಶಕ್ತಿ ಬೇರೆ. ಘಟ್ಟದ ಎತ್ತರ ಎಲ್ಲರಿಗೂ ಒಂದೇ ಆದರೂ ಶಿರಸಿಯಲ್ಲಿ ನಿಂತ 10 ಟನ್ನಿನ ಲಾರಿಯ ಶಕ್ತಿ ಸುಮಾರು 5.9 ಕೋಟಿ ಜೂಲ್, ಒಂದು ಕಿಲೋ ಅಡಿಕೆಯದು ಬರೀ 5,900. ವಿಭವ ಎತ್ತರದಂತೆ, ಕ್ಷೇತ್ರವು ದಾರಿಯ ಇಳಿಜಾರಿನಂತೆ. ಗುಡ್ಡದ ಮೈಯಲ್ಲಿ ಒಂದೇ ಎತ್ತರದಲ್ಲಿ ಅಡ್ಡಡ್ಡ ನಡೆದರೆ ಗುರುತ್ವದ ವಿರುದ್ಧ ಕೆಲಸವಿಲ್ಲ. ಸಮವಿಭವ ಮೇಲ್ಮೈ ಎಂದರೆ ಅದು.

ಈ ಹೋಲಿಕೆಯನ್ನು ಎಐ ಬೋಧಕನಿಗೆ ಹೇಳಿ, ‘ಇದು ಎಲ್ಲಿ ಸೋಲುತ್ತದೆ?’ ಎಂದು ಕೇಳು. ಈ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ಆದರೆ ಮೊದಲು ನೀನೇ ಒಂದು ಸೋಲನ್ನು ಹುಡುಕು: ದ್ರವ್ಯರಾಶಿಯಲ್ಲಿ ಋಣ ಎಂಬುದಿಲ್ಲ, ಬಿಟ್ಟ ಕಲ್ಲು ಯಾವಾಗಲೂ ಕೆಳಗೇ ಉರುಳುತ್ತದೆ. ಋಣ ಆವೇಶವಾದರೋ ತಾನಾಗಿಯೇ ಹೆಚ್ಚಿನ ವಿಭವದ ಕಡೆಗೆ ಹೋಗುತ್ತದೆ. ಆಮೇಲೆ ಈ ಎರಡನ್ನು ಯೋಚಿಸು: ಸಮಾನವಾದ ಧನ ಮತ್ತು ಋಣ ಆವೇಶಗಳ ನಟ್ಟನಡುವೆ ವಿಭವ ಸೊನ್ನೆ, ಕ್ಷೇತ್ರ ಸೊನ್ನೆಯಲ್ಲ, ಸಮಾನವಾದ ಎರಡು ಧನ ಆವೇಶಗಳ ನಟ್ಟನಡುವೆ ಕ್ಷೇತ್ರ ಸೊನ್ನೆ, ವಿಭವ ಸೊನ್ನೆಯಲ್ಲ. ಇವೆರಡನ್ನೂ ಘಟ್ಟದ ಚಿತ್ರದಲ್ಲಿ ನೀನು ವಿವರಿಸಬಲ್ಲೆಯಾದರೆ ವಿಭವ ನಿನಗೆ ಹತ್ತಿದೆ.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಎಐ ಬೋಧಕ ನಮ್ಮಂಥವರಿಗೆ ಪ್ರಯೋಜನವಾಗುತ್ತದೆಯೇ?
– ವಿದ್ಯಾರ್ಥಿ, ಜೋಯಿಡಾ ತಾಲ್ಲೂಕು

ಉತ್ತರ: ಆಗುತ್ತದೆ. ಮನೆಯಲ್ಲಿ ಲೆಕ್ಕವನ್ನು ಪೂರ್ತಿ ಮಾಡಿ, ಸಿಕ್ಕಿಬಿದ್ದ ಹೆಜ್ಜೆಗಳನ್ನು ಮಾತ್ರ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡು. ಎರಡು ದಿನಕ್ಕೊಮ್ಮೆ ಗುಡ್ಡ ಹತ್ತಿ ಆ ನಾಲ್ಕೈದು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಕೈಯಲ್ಲಿಯೇ ಬರೆದುಕೊಂಡು ಬಾ. ಇಪ್ಪತ್ತು ನಿಮಿಷ ಸಾಕು. ದುಡ್ಡು ಕೊಟ್ಟು ಪಡೆಯುವ ಆವೃತ್ತಿ ಈ ಪಾಠಕ್ಕೆ ಬೇಕಾಗಿಲ್ಲ. ನಿನ್ನ ತಿದ್ದುಪಡಿಗಳನ್ನು ವಾರಕ್ಕೊಮ್ಮೆ ಕಾಲೇಜಿನ ಉಪನ್ಯಾಸಕರಿಗೆ ತೋರಿಸು.

ಪ್ರಶ್ನೆ: ತೋಟದ ಸಿಂಗಲ್ ಫೇಸ್ ಪಂಪ್‌ಸೆಟ್ಟಿನ ಸ್ವಿಚ್ ಆರಿಸಿ ಫ್ಯೂಸ್ ತೆಗೆದ ಮೇಲೂ ಅದರ ಕಂಡೆನ್ಸರ್ (ಆವೇಶ ಕೂಡಿಡುವ ಧಾರಕ) ಒಮ್ಮೆ ಶಾಕ್ ಹೊಡೆಯಿತು, ಇನ್ನೊಮ್ಮೆ ಏನೂ ಆಗಲಿಲ್ಲ. ಪಿಯುಸಿ ಓದುವ ಮಗಳು ಎಐ ಬೋಧಕನನ್ನು ಕೇಳಿ, 100 ಮೈಕ್ರೊಫ್ಯಾರಡ್ ಧಾರಕಕ್ಕೆ 230 ವೋಲ್ಟ್ ಹಾಕಿ ಸುಮಾರು 2.6 ಜೂಲ್ ಎಂದು ಲೆಕ್ಕ ತೋರಿಸಿದಳು. ಸರಿಯೇ?
– ಕೃಷಿಕರು, ಸಿದ್ದಾಪುರ

ಉತ್ತರ: ಸೂತ್ರ ಸರಿ, ಹಾಕಿದ ವೋಲ್ಟೇಜು ತಪ್ಪು. ಮನೆಗೆ ಬರುವ 230 ವೋಲ್ಟ್ ಎಂಬುದು ಪರ್ಯಾಯ ವಿದ್ಯುತ್ತಿನ (ಎಸಿಯ) ಪರಿಣಾಮಕಾರಿ ಬೆಲೆ, ಒಂದು ಬಗೆಯ ಸರಾಸರಿ. ಪ್ರತಿ ಸುತ್ತಿನಲ್ಲಿಯೂ ಅದು ಸುಮಾರು 325 ವೋಲ್ಟಿನ ಶಿಖರವನ್ನು ಮುಟ್ಟುತ್ತದೆ. ಧಾರಕದ ಶಕ್ತಿ ವಿಭವಾಂತರದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಶಿಖರದಲ್ಲಿ ಅದು ಸುಮಾರು 5.3 ಜೂಲ್, ಅಂದರೆ ಮಗಳ ಲೆಕ್ಕದ ಎರಡು ಪಟ್ಟು. ಒಮ್ಮೆ ಹೊಡೆದು ಒಮ್ಮೆ ಹೊಡೆಯದಿರುವುದಕ್ಕೂ ಇದರಲ್ಲಿಯೇ ಒಂದು ಕಾರಣವಿದೆ. ಸೆಕೆಂಡಿಗೆ 50 ಸುತ್ತು ಹಾಕುವ ವೋಲ್ಟೇಜು ನೀವು ಸ್ವಿಚ್ ಆರಿಸಿದ ಕ್ಷಣದಲ್ಲಿ ಶಿಖರದ ಹತ್ತಿರವಿದ್ದರೆ ಧಾರಕದಲ್ಲಿ ಹೆಚ್ಚು ಆವೇಶ ಉಳಿಯುತ್ತದೆ, ಸೊನ್ನೆಯ ಹತ್ತಿರವಿದ್ದರೆ ಕಡಿಮೆ. ದಯವಿಟ್ಟು ಅದನ್ನು ಇನ್ನು ಮುಟ್ಟಬೇಡಿ. ತಂತಿಯಿಂದ ತುದಿಗಳನ್ನು ಕೂಡಿಸಿ ಕಿಡಿ ಹಾರಿಸುವುದೂ ಬೇಡ. ಎಲೆಕ್ಟ್ರಿಷಿಯನ್ ಬಂದು ಸರಿಯಾದ ರೋಧಕದ ಮೂಲಕ ಖಾಲಿ ಮಾಡಲಿ. ಮಗಳಿಗೆ ನನ್ನ ಅಭಿನಂದನೆ ತಿಳಿಸಿ. ಪುಸ್ತಕದ ಧಾರಕವನ್ನು ತೋಟದ ಕಂಡೆನ್ಸರಿಗೆ ತಂದು ಜೋಡಿಸಿದ್ದಾಳೆ, ಅದು ದೊಡ್ಡ ಮಾತು.

ಪ್ರಶ್ನೆ: ನಮ್ಮದು ಮೀನುಗಾರರ ಮನೆ. ‘ಕಾರಿನೊಳಗಿದ್ದವರಿಗೆ ಸಿಡಿಲು ತಟ್ಟದಿರುವುದು ರಬ್ಬರ್ ಟಯರಿನಿಂದ’ ಎಂದು ಎಐ ಬೋಧಕ ಹೇಳಿತಂತೆ. ಅದನ್ನು ಓದಿ ನನ್ನ ಮಗ, ನಮ್ಮ ಫೈಬರ್ ದೋಣಿಯೂ ಅವಾಹಕವಾದ್ದರಿಂದ ಅದರಲ್ಲಿಯೂ ಭಯವಿಲ್ಲ ಎನ್ನುತ್ತಿದ್ದಾನೆ. ನಂಬಬಹುದೇ?
– ತಾಯಿ, ಬೈತಖೋಲ, ಕಾರವಾರ

ಉತ್ತರ: ಅಮ್ಮಾ, ಖಂಡಿತ ನಂಬಬೇಡಿ, ಮತ್ತು ಈ ಉತ್ತರವನ್ನು ಮಗನಿಗೆ ಇಂದೇ ಓದಿ ಹೇಳಿ. ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿಕೊಂಡು ಬಂದ ಸಿಡಿಲಿಗೆ ಕೆಲವೇ ಸೆಂಟಿಮೀಟರ್ ರಬ್ಬರ್ ಯಾವ ತಡೆಯೂ ಅಲ್ಲ. ಕಾರಿನೊಳಗೆ ಕಾಪಾಡುವುದು ಸುತ್ತಲಿನ ಲೋಹದ ಮೈ. ವಾಹಕಕ್ಕೆ ಕೊಟ್ಟ ಆವೇಶ ಅದರ ಹೊರಮೈಯಲ್ಲಿಯೇ ಹರಡಿಕೊಳ್ಳುತ್ತದೆ, ಒಳಗಿನ ಟೊಳ್ಳಿನಲ್ಲಿ ಕ್ಷೇತ್ರವಿರುವುದಿಲ್ಲ. ಮೈಕೆಲ್ ಫ್ಯಾರಡೆ 1836ರಲ್ಲಿ ಒಂದು ಕೋಣೆಯಷ್ಟು ದೊಡ್ಡ ಪಂಜರವನ್ನು ಕಟ್ಟಿ, ಹೊರಗೆ ಕಿಡಿಗಳು ಹಾರುತ್ತಿರುವಾಗ ಒಳಗೆ ತಾನೇ ಕುಳಿತು ಇದನ್ನು ಪರೀಕ್ಷಿಸಿದ. ಸಿಡಿಲಿನ ಪ್ರವಾಹವೂ ಕಾರಿನ ಹೊರಮೈಯಲ್ಲಿ ಹರಿದು ನೆಲಕ್ಕೆ ಜಿಗಿಯುತ್ತದೆ. ಮಗ ಎಐ ಬೋಧಕನಿಗೆ ಈ ಒಂದು ಪ್ರಶ್ನೆ ಹಾಕಲಿ: ಬೈಕಿಗೂ ರಬ್ಬರ್ ಟಯರ್ ಇದೆಯಲ್ಲ, ಅದರ ಮೇಲೆ ಕುಳಿತವನು ಸುರಕ್ಷಿತನೇ? ಹಾಗೆ ಕೇಳಿದರೆ ಅದು ತನ್ನ ಮೊದಲ ಉತ್ತರವನ್ನು ತಿದ್ದಿಕೊಳ್ಳುವ ಸಂಭವವಿದೆ. ಆದರೆ ಜೀವದ ಪ್ರಶ್ನೆಯಲ್ಲಿ ಅದರ ತಿದ್ದುಪಡಿಗೆ ಕಾಯುವಂತಿಲ್ಲ.

ತೆರೆದ ಫೈಬರ್ ದೋಣಿಗೆ ಸುತ್ತ ಲೋಹದ ಮೈಯಿಲ್ಲ. ಬಯಲು ಕಡಲಿನಲ್ಲಿ ಸುತ್ತಮುತ್ತ ಎತ್ತರವಾದದ್ದೆಂದರೆ ದೋಣಿ ಮತ್ತು ಅದರಲ್ಲಿ ನಿಂತ ಮನುಷ್ಯ, ಎತ್ತರದ ಮೊನೆಯ ಸುತ್ತಲೇ ಕ್ಷೇತ್ರ ತೀವ್ರವಾಗಿರುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದರೂ, ಗುಡುಗು ಸಿಡಿಲು ಹೆಚ್ಚಿರುವ ಏಪ್ರಿಲ್–ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ದೋಣಿಗಳು ನೀರಿನಲ್ಲಿಯೇ ಇರುತ್ತವೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಎಣಿಕೆ 30 ಸೆಕೆಂಡಿಗಿಂತ ಕಡಿಮೆಯಾದರೆ ಅಪಾಯ ಮೈಮೇಲೆ ಬಂದಂತೆ. ಅಷ್ಟರವರೆಗೂ ಕಾಯದೆ, ಮೊದಲ ಗುಡುಗಿಗೇ ದಂಡೆಗೆ ತಿರುಗುವುದು ಒಳ್ಳೆಯದು. ಕೊನೆಯ ಗುಡುಗು ಕೇಳಿ 30 ನಿಮಿಷವಾಗುವವರೆಗೆ ಮತ್ತೆ ನೀರಿಗೆ ಇಳಿಯಬಾರದು. ನಡುನೀರಿನಲ್ಲಿ ಸಿಕ್ಕಿಬಿದ್ದರೆ ದೋಣಿಯ ತಳದಲ್ಲಿ ಆದಷ್ಟು ತಗ್ಗಾಗಿ ಕೂರಬೇಕು, ಎಂಜಿನ್ನಿನ ಲೋಹ, ಕಂಬ, ಒದ್ದೆ ಬಲೆ ಮತ್ತು ಹಗ್ಗಗಳಿಂದ ಕೈ ದೂರವಿಡಬೇಕು, ನೀರಿಗೆ ಕೈ ಕಾಲು ಇಳಿಬಿಡಬಾರದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸಿದ್ಧಪಡಿಸಿದ ‘ದಾಮಿನಿ’ ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ದೋಣಿ ಹೊರಡುವ ಮೊದಲು, ದಂಡೆಯಲ್ಲಿ ನೆಟ್‌ವರ್ಕ್ ಇರುವಾಗಲೇ, ಅದನ್ನು ತೆರೆದು ನೋಡುವ ಕೆಲಸವನ್ನು ಮಗನಿಗೇ ವಹಿಸಿ.